ಅತ್ತರೆ ಅಳಲಿ, ಸದ್ದು ಮಾತ್ರ ಇಳಿಸಿ

ಕಾಸಾರಶಿರಸಿ, ನಿಲಂಗಾ ಕಡೆಯ ಕೇಳುಗರು ಮತ್ತೆ ಮತ್ತೆ ಕೇಳುವ ಮಾತೊಂದಿದೆ: 'ನಮ್ಮವ್ವ ಕಿಲ್ಲಾರಿ ಭೂಕಂಪ ಕಂಡಾಕಿ. ಟಿ.ವಿ.ಯೊಳಗ ಸಾವಿನ ಸೀನ್ ಬಂದ್ರ ಅಳತಾಳ. ಬಂದ್ ಮಾಡೂಣೇನು?'

ಬೇಡ, ಅಳಲಿ ಬಿಡಿ. 2022ರ '777 ಚಾರ್ಲಿ'ಯ ಧರ್ಮ ಎಳವೆಯಲ್ಲೇ ಅಪಘಾತದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವನು. ಯಾರೊಂದಿಗೂ ಬೆರೆಯದ ಅವನು ಮೆತ್ತಗಾಗುವುದು ನಾಯಿಯೊಂದು ಗಂಟುಬಿದ್ದ ಮೇಲೆ. ಸತ್ತ ಮಗನ ಹೆಸರೆತ್ತಿ ಅಳಲಾರದ ತಾಯಿ ಆ ನಾಯಿಯ ನೆಪದಲ್ಲಿ ಅತ್ತರೆ ನಿಮಗೇನು ನಷ್ಟ?

ನಾನು ಹೆದರುವುದು ಅಳುವಿಗಲ್ಲ, ಸದ್ದಿಗೆ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕರ ಸುಮಾರು. ಗಣಪತಿ ಕಳಿಸಿ ಬಂದು ಮಲಗಿದವರ ಮೇಲೆ ಕಲ್ಲುಗೋಡೆ, ಮಾಳಿಗೆಯ ಮಣ್ಣು ಒಟ್ಟಿಗೆ ಕುಸಿದವು. ಹಿಂದಿನ ವರ್ಷವೇ ಕಿಲ್ಲಾರಿಯಲ್ಲಿ ನೆಲ ಗುಡುಗಿತ್ತು. ಇಂಥ ನೆನಪು ಸಿನಿಮಾದ ಫ್ಲ್ಯಾಶ್‌ಬ್ಯಾಕ್‌ನಂತೆ ಮೊದಲಿಂದ ಕೊನೆಯವರೆಗೆ ಕಥೆಯಾಗಿ ಬರುವುದಿಲ್ಲ. ಚೂರುಚೂರಾಗಿ ಬರುತ್ತದೆ: ಒಂದು ಗುಡುಗುಡು, ಮೂಗಿಗೆ ಧೂಳಿನ ವಾಸನೆ. ಇದು ಬರೀ ಪರದೆ ಎಂದು ಬುದ್ಧಿ ಹೇಳುವಷ್ಟರಲ್ಲಿ ಎದೆ ಹೊಡೆದುಕೊಂಡಿರುತ್ತದೆ, ಕಾಲು ಬಾಗಿಲ ಕಡೆ ಹೊರಟಿರುತ್ತದೆ. ನಮ್ಮ ಸೋದರತ್ತೆ ಸಾವಿನ ಸೀನಿಗೆಲ್ಲ ಕಣ್ಣೊರೆಸಿಕೊಂಡು ಅಲ್ಲಾಡದೆ ಕೂತವರು, ಗೋಡೆ ಬೀಳುವ ಸದ್ದು ಕೇಳಿದ್ದೇ ಅಂಗಳಕ್ಕೆ ಓಡಿದರು. ಅದು ಸಿನಿಮಾನೂ ಅಲ್ಲ, ನಡುವೆ ಬಂದ ಸಿಮೆಂಟಿನ ಜಾಹೀರಾತು! ಮತ್ತೊಮ್ಮೆ ಹೇಳುತ್ತೇನೆ, ಕಣ್ಣೀರು ಬಂದರೆ ಬರಲಿ. ಮೈ ಬೆಚ್ಚಿದರೆ ಸದ್ದು ಇಳಿಸಿ. ಅಳು ಬೇರೆ, ಬೆಚ್ಚುವುದು ಬೇರೆ.

ಇನ್ನು 'ಒಮ್ಮೆ ಜೋರಾಗಿ ಅತ್ತುಬಿಟ್ರ ಎಲ್ಲಾ ಸರಿಹೋಗತದ' ಎನ್ನುವವರು. ಕೇಳಿ ಕೇಳಿ ಸಾಕಾಗಿದೆ. ತಲೆಗೊಂದು ಪೆಟ್ಟು ಬಿದ್ದು ಎಲ್ಲ ನೆಟ್ಟಗಾಗುವ ಸಿನಿಮಾಗಳಿಂದ ಕಲಿತ ಪಾಠವದು. ಬದಲಿಗೆ ಪುಟ್ಟಣ್ಣ ಕಣಗಾಲರ 'ಶರಪಂಜರ' ನೋಡಿ. ಅದರ ನಾಯಕಿ ಕಾವೇರಿ ಮನಸ್ಸಿನ ಕಾಯಿಲೆ ಗುಣವಾಗಿಯೇ ಆಸ್ಪತ್ರೆಯಿಂದ ಮನೆಗೆ ಬರುತ್ತಾಳೆ. ಸುತ್ತಲಿನವರ ಅನುಮಾನದ ಕಣ್ಣು, ಗಂಡನ ನಡತೆ ಅವಳನ್ನು ಮತ್ತೆ ಕೆಡವುತ್ತವೆ.

ಸದ್ದಿನ ಮಾತೇ ಹೆಚ್ಚಾಯಿತು, ಸಮಯ ಮುಗಿಯುತ್ತ ಬಂತು. ಅವ್ವನ ಜೊತೆ ನೀವೂ ಕೂತು ನೋಡಿ, ಬಾಗಿಲ ಹತ್ತಿರ ಜಾಗ ಕೊಡಿ, ಆಗಿದ್ದನ್ನು ಕೆದಕಿ ಕೇಳಬೇಡಿ. ದಿನಗಟ್ಟಲೆ ನಿದ್ದೆಯೇ ಹತ್ತದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ.