ಆಟದಂಗಳದ ಹೊಣೆ

ಮಕ್ಕಳೊಡನೆ ತಾವೇ ಆಟಕ್ಕಿಳಿಯುತ್ತಿದ್ದ ಸಂತ ಜಾನ್ ಬೋಸ್ಕೋರವರ ಹಬ್ಬವಿಂದು. ಹುನಗುಂದ, ಇಳಕಲ್ ಕಡೆ ಹುಡುಗರ ಕಬಡ್ಡಿ ಏರ್ಪಡಿಸುವಾಗ ನಮಗೆ ಟ್ರೋಫಿ, ಮೈಕು, ಹಾರಗಳೇ ಮೊದಲು ನೆನಪಾಗುತ್ತವೆ.

2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದ ಮೈಸೂರಿನ 23ರ ಯುವಕ ತೀರಿಕೊಂಡ. ತುರ್ತು ಚಿಕಿತ್ಸೆಯ ಏರ್ಪಾಡಿರಲಿಲ್ಲವೆಂದು ಮನೆಯವರು ದೂರಿದರು. ನಿರ್ಲಕ್ಷ್ಯದ ಮೊಕದ್ದಮೆ ದಾಖಲಾಯಿತು.

"ತಂದೆತಾಯಿ ಸಹಿ ಹಾಕ್ಯಾರಲ್ರಿ ಫಾದರ್" ಎನ್ನುವವರುಂಟು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಮು ಆಟದ ಗಾಯಕ್ಕೆ ಆಟಗಾರನ ಒಪ್ಪಿಗೆಯನ್ನು ಮನ್ನಿಸುತ್ತದೆ, ನಿಜ. ಆದರೆ 18 ದಾಟಿದವನ ಒಪ್ಪಿಗೆಯನ್ನು ಮಾತ್ರ! ಹೆತ್ತವರ ಸಹಿ ನಮ್ಮ ನಿರ್ಲಕ್ಷ್ಯವನ್ನು ತೊಳೆಯದು.

ತಲೆಗೆ ಪೆಟ್ಟಾದ ಹುಡುಗ "ನಾ ಆಡ್ತೀನ್ರಿ" ಎಂದು ಅತ್ತರೂ ಅಂದು ಮತ್ತೆ ಕಣಕ್ಕಿಳಿಸಬೇಡಿ. ಬಾಗಲಕೋಟೆಯ ಆಸ್ಪತ್ರೆಗೆ ಒಯ್ಯುವ ವಾಹನ ಯಾವುದು, ಚಾಲಕ ಯಾರು ಎಂಬುದು ಪಂದ್ಯಕ್ಕೆ ಮೊದಲೇ ಗೊತ್ತಾಗಿರಲಿ.