ಕೋಳಿಯಿರುವ ಮನೆಗೆ ನಾಯಿ: ಆಯ್ಕೆಯೂ ಶಿಕ್ಷಣವೂ



ಮಡಂತ್ಯಾರಿನ ಸುತ್ತಿನ ಗ್ರಾಮಗಳಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲವಷ್ಟೆ. ಒಂದೊಂದು ಮನೆ ಒಂದೊಂದು ಅಡಿಕೆ ತೋಟದ ಬದಿಯಲ್ಲಿ, ಬೆನ್ನಿಗೆ ಗುಡ್ಡ. ಇಂಥ ಮನೆಗೆ ಕೋಳಿಯೂ ಬೇಕು, ನಾಯಿಯೂ ಬೇಕು. ಮುಂಗುಸಿ, ಕಾಡುಬೆಕ್ಕು, ನರಿಗಳನ್ನು ಬೆದರಿಸಲೆಂದು ತಂದ ನಾಯಿಯೇ ಕೋಳಿಯನ್ನು ಹಿಡಿದರೆ ಮನೆಯಾಕೆಯ ಮೊಟ್ಟೆಯ ಕಾಸು ಹೋಗುವುದು ಮಾತ್ರವಲ್ಲ. ನೆರೆಯವರು ದೈವದ ಹರಕೆಗೆಂದು ಸಾಕಿದ ಹುಂಜವೇನಾದರೂ ಅದರ ಬಾಯಿಗೆ ಬಿದ್ದರೆ ಎರಡು ಮನೆಗಳ ನಡುವೆ ಮಾತೇ ನಿಂತುಹೋಗುವುದು. ಹಿರಿಯರ ತೀರ್ಪು ಏನೇ ಇರಲಿ, ನಾಯಿಗೆ ದೊಣ್ಣೆಯೇ ಗತಿ. ಇಂಥ ಪ್ರಸಂಗಗಳಲ್ಲಿ ತಪ್ಪು ಬಹುಮಟ್ಟಿಗೆ ನಾಯಿಯದಲ್ಲ, ಅದಕ್ಕೆ ಕಲಿಸದೆ ಬಿಟ್ಟವರದು.

ನಾಯಿ ಕೋಳಿಯ ಮೇಲೆ ಬೀಳುವುದು ಹಗೆಯಿಂದಲ್ಲ, ಅನೇಕ ವೇಳೆ ಹಸಿವಿನಿಂದಲೂ ಅಲ್ಲ. ರೆಕ್ಕೆ ಬಡಿದು ಓಡುವುದನ್ನು ಅಟ್ಟುವುದು ಅದರ ಹುಟ್ಟುಗುಣ. ಈ ಗುಣವು ಎಲ್ಲ ತಳಿಗಳಲ್ಲಿ ಒಂದೇ ಸಮನಾಗಿಲ್ಲ. ಮುಧೋಳದ ನಾಯಿ ಕನ್ನಡ ನಾಡಿನ ಹೆಮ್ಮೆ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿಯೇ ಹೊರಟಿತು. ಆದರೆ ಅದು ಬೇಟೆಯನ್ನು ಕಣ್ಣಿನಿಂದ ಕಂಡು ಓಡಿ ಹಿಡಿಯಲೆಂದೇ ಬೆಳೆಸಿದ ತಳಿ. ಅಂಗಳದ ತುಂಬ ಕೋಳಿಯಿರುವಲ್ಲಿಗೆ ಅದನ್ನು ತರುವವರು ಇಮ್ಮಡಿ ಶ್ರಮಕ್ಕೆ ಸಿದ್ಧರಾಗಿರಬೇಕು. ಸಾಮಾನ್ಯ ಗೃಹಸ್ಥನಿಗೆ ಊರ ನಾಯಿಯೇ ಸಾಕು.

ಮರಿಯನ್ನು ನೋಡುವುದಕ್ಕೆ ಮೊದಲು ತಾಯಿಯನ್ನು ನೋಡತಕ್ಕದ್ದು. ಕೋಳಿಗಳ ನಡುವೆ ನಿಶ್ಚಿಂತೆಯಾಗಿ ಮಲಗುವ ತಾಯಿಯ ಮರಿ ಅರ್ಧ ಪಾಠವನ್ನು ಕಲಿತೇ ಬಂದಿರುತ್ತದೆ. 8 ವಾರ ತುಂಬಿದ ಮರಿಗಳ ಮುಂದೆ ಕುಕ್ಕೆಯಡಿ ಮುಚ್ಚಿದ ಕೋಳಿಯನ್ನಿರಿಸಿ ಪರೀಕ್ಷಿಸಬಹುದು. ಮೂಸಿ ನೋಡಿ, ಕರೆದವರ ಬಳಿಗೆ ಮರಳುವ ಮರಿ ಉತ್ತಮ. ಮೈ ಬಿಗಿದು, ದೃಷ್ಟಿ ಕೀಳದೆ, ಕರೆ ಕೇಳದೆ ನಿಲ್ಲುವುದನ್ನು ಬಿಡುವುದು ಲೇಸು. ಮೂಲೆ ಸೇರುವ ಪುಕ್ಕಲು ಮರಿಯೂ ಬೇಡ. ಹೆದರಿಕೆಯಿಂದ ಮುಂದೆ ಮಕ್ಕಳನ್ನು ಕಚ್ಚೀತು.

ಶಿಕ್ಷಣಕ್ಕೆ ಬೇಕಾದುದು ಎರಡು ಮಾರು ಹಗ್ಗ, ಒಣಮೀನಿನ ಚೂರುಗಳು, ಮತ್ತು ತಾಳ್ಮೆ. ಮೊದಲೆರಡು ಅಗ್ಗ. ಬೆಳಗ್ಗೆ ಕೋಳಿಗಳಿಗೆ ನುಚ್ಚು ಎರಚುವ ಹೊತ್ತಿನಲ್ಲಿ ಮರಿಯನ್ನು ಹಗ್ಗದಲ್ಲಿ ಹಿಡಿದು ದೂರದಲ್ಲಿ ಕುಳಿತಿರಬೇಕು. ಅದು ನೆಗೆದರೆ ಹಗ್ಗ ತಡೆಯಲಿ. ‘ಬೇಡ’ ಎಂಬ ಒಂದೇ ಮಾತು ಸಾಕು. ತುಳುವಿನಲ್ಲಿ ‘ಬೊಡ್ಚಿ’ ಎಂದರೂ ಆದೀತು, ಆದರೆ ಮನೆಮಂದಿಯೆಲ್ಲ ಅದನ್ನೇ ಹೇಳಬೇಕು. ಮರಿ ಕೋಳಿಯಿಂದ ಮುಖ ತಿರುಗಿಸಿದ ಕ್ಷಣದಲ್ಲಿಯೇ ಮೀನಿನ ಚೂರನ್ನು ಕೊಡತಕ್ಕದ್ದು. ತಡವಾದರೆ ಕೂಲಿ ಯಾವ ಕೆಲಸಕ್ಕೆಂಬುದು ಅದಕ್ಕೆ ತಿಳಿಯದು. ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ನಿಮಿಷ. ವಾರ ಕಳೆದಂತೆಲ್ಲ ಅಂತರ ಕಿರಿದಾಗಲಿ. ಮರಿಗಳೊಡನಿರುವ ಹೇಂಟೆಯೊಂದು ಮೂಗಿಗೆ ಕುಕ್ಕಿದರೆ ಅದೂ ಒಳ್ಳೆಯ ಪಾಠವೇ. ಆದರೆ ಹಗ್ಗ ಸಡಿಲವಿದ್ದು ನಾಯಿಮರಿಗೆ ಹಿಂದೆಗೆಯಲು ಎಡೆಯಿರಬೇಕು, ಇಲ್ಲವಾದರೆ ಕಣ್ಣಿಗೆ ಅಪಾಯ.

ಕೋಳಿ ಸತ್ತ ಮೇಲೆ ನಾಯಿಯನ್ನು ಬಡಿಯುವುದೂ, ಸತ್ತ ಕೋಳಿಯನ್ನು ಅದರ ಕೊರಳಿಗೆ ಕಟ್ಟುವುದೂ ವ್ಯರ್ಥ. ಮುಗಿದ ಕೃತ್ಯಕ್ಕೂ ಪೆಟ್ಟಿಗೂ ಇರುವ ಸಂಬಂಧವನ್ನು ನಾಯಿ ಕಾಣಲಾರದು. ಯಜಮಾನನಿಗೆ ಹೆದರುವುದನ್ನು ಮಾತ್ರ ಕಲಿಯುತ್ತದೆ. ಕೋಳಿ ಕೊಯ್ದಾಗ ಕರುಳನ್ನೂ ಗರಿಸಹಿತ ತಲೆಯನ್ನೂ ಅಂಗಳದಲ್ಲಿ ನಾಯಿಗೆ ಎಸೆದು, ನಾಳೆ ಅದು ಕೋಳಿ ಮುಟ್ಟಬಾರದೆಂದರೆ ನ್ಯಾಯವೆ? ಬೇಯಿಸಿದ ಕೋಳಿಯ ಎಲುಬನ್ನಂತೂ ಕೊಡಲೇಬಾರದು. ಅದು ಸೀಳಿ ಗಂಟಲಿಗೆ ಚುಚ್ಚುತ್ತದೆ.

ಮರಿಯಾಗಿದ್ದಾಗ ಸಾಧುವಾಗಿದ್ದ ನಾಯಿ ಪ್ರಾಯಕ್ಕೆ ಬರುವಾಗ ಆಟಕ್ಕೆಂದೇ ಕೋಳಿಯನ್ನು ಕೊಲ್ಲುವುದುಂಟು. ಆದುದರಿಂದ 2 ವರ್ಷ ತುಂಬುವ ತನಕ ಕಣ್ಗಾವಲಿಲ್ಲದೆ ಕೋಳಿಗಳ ನಡುವೆ ಬಿಡತಕ್ಕದ್ದಲ್ಲ. ಮಳೆಗಾಲದಲ್ಲಿ ಎಲ್ಲವೂ ಒಂದೇ ಜಗಲಿ ಸೇರುವುದರಿಂದ ಎಚ್ಚರ ಇನ್ನೂ ಹೆಚ್ಚು ಬೇಕು. ಬೀದಿನಾಯಿಗಳ ಗುಂಪು ಸೇರಿದರೆ ಕಲಿತ ನಾಯಿಯೂ ಕಲಿತುದನ್ನು ಮರೆಯುತ್ತದೆ.

ರಾತ್ರಿಯಲ್ಲಿ ನಾಯಿಯನ್ನು ನೆಚ್ಚಿ ಕೋಳಿಗೂಡಿನ ಬಾಗಿಲನ್ನು ತೆರೆದಿಡಬಾರದು. ಊರ ಕೋಳಿ ಮರವೇರಿ ಕುಳಿತೀತು. ಭಾರವಾದ ಗಿರಿರಾಜ ಕೋಳಿಗೆ ಅದು ಸುಲಭವಲ್ಲ. ಘಟ್ಟಕ್ಕೆ ಸಮೀಪವಾದ ಈ ತಾಲೂಕಿನಲ್ಲಿ ಚಿರತೆಯ ಭಯವೂ ಇದೆ. ಅಂಗಳದಲ್ಲಿ ಕಟ್ಟಿಹಾಕಿದ ನಾಯಿ ಅದಕ್ಕೆ ತುತ್ತು. ನಾಯಿಗೂ ಭದ್ರವಾದ ಬಾಗಿಲಿನ ಗೂಡು ಬೇಕು. ಮುಂಗುಸಿಗೆಂದು ವಿಷವಿಡುವುದು 1972ರ ವನ್ಯಜೀವಿ ಕಾಯಿದೆಗೆ ವಿರುದ್ಧ, ಮತ್ತು ಆ ವಿಷವನ್ನು ಮೊದಲು ತಿನ್ನುವುದು ಹೆಚ್ಚಾಗಿ ಮನೆಯ ನಾಯಿಯೇ.

ಮರಿಗೆ 3 ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಿ, ಪಶುವೈದ್ಯರು ಹೇಳಿದಂತೆ ಮತ್ತೆ ವರ್ಷವರ್ಷವೂ ಹಾಕಿಸತಕ್ಕದ್ದು. ಕಲಿಸುವಾಗ ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.