ಬಾಂಡಿನಲ್ಲಿ ಬರೆಯದ ಮಾತು



ಧಾರವಾಡದ ವಿದ್ಯಾವರ್ಧಕ ಸಂಘದ ಹಿಂದಿನ ಸಾಲಿನಲ್ಲಿ ಕೂತು ದತ್ತಿ ಉಪನ್ಯಾಸ ಕೇಳಿ ಬೆಳೆದವ ನಾನು. ಇಂದು ಸುಳ್ಳದಲ್ಲಿ ನನ್ನನ್ನೇ ಮೈಕಿನ ಮುಂದೆ ನಿಲ್ಲಿಸಿದ್ದೀರಿ, ಅದೂ ನಿಮ್ಮೂರ ಶಾಲೆಯ ಮಾಸ್ತರರ ಹೆಸರಿನ ದತ್ತಿಯಲ್ಲಿ. ಶಾಲೆ ಬಿಟ್ಟ ಮೇಲೆ ಊರವರ ಅರ್ಜಿ, ತಕರಾರು ಬರೆದುಕೊಡುತ್ತಿದ್ದ ಅವರು ಸಹಿ ಹಾಕಿಸುವ ಮೊದಲು ‘ಇನ್ನೇನರ ಬರಿಯೂದು ಉಳದೈತೇನು?’ ಎಂದು ಕೇಳುತ್ತಿದ್ದರಂತೆ. ನನ್ನ ವಿಷಯವೂ ಅದೇ.

ಮಕ್ಕಳನ್ನೂ ಮುದುಕರನ್ನೂ ಕಾಯುವ ಕಾನೂನುಗಳಲ್ಲಿ ಮಕ್ಕಳದ್ದನ್ನು ಬೇಗ ಮುಗಿಸುತ್ತೇನೆ. 2012ರ ಪೋಕ್ಸೋ, 2015ರ ಬಾಲನ್ಯಾಯ ಕಾಯ್ದೆ, 1098 ಸಹಾಯವಾಣಿ ಇವೆಲ್ಲ ಶಾಲೆಯ ಗೋಡೆಯ ಮೇಲೇ ಸಿಗುತ್ತವೆ. ಒಂದು ಮಾತ್ರ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದವರಿಗೂ ಶಿಕ್ಷೆಯುಂಟು. ‘ನಿನ್ನನ್ನು ಕಾಯುತ್ತೇವೆಂದು ಯಾರಾದರೂ ಬರೆದುಕೊಟ್ಟಿದ್ದರೇನು?’ ಎಂದು ಮಗುವನ್ನು ಯಾರೂ ಕೇಳುವುದಿಲ್ಲ. ಮುದುಕರನ್ನು ಕೇಳುತ್ತಾರೆ. ನನ್ನ ಜಗಳ ಅದರ ಮೇಲೆ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ 60 ತುಂಬಿದವರು ಉಪವಿಭಾಗಾಧಿಕಾರಿಗಳ, ಅಂದರೆ ನಮ್ಮ ಪ್ರಾಂತ ಸಾಹೇಬರ, ನ್ಯಾಯಮಂಡಳಿಗೆ ಹೋಗಬಹುದು. ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಇಷ್ಟು ಸಾಕು, ನನಗೆ ಬೇಕಾದದ್ದು 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರ ಮೋಸದಿಂದಲೋ ಒತ್ತಾಯದಿಂದಲೋ ಆದದ್ದೆಂದು ಭಾವಿಸಿ ರದ್ದು ಮಾಡಬಹುದು. ಆ ‘ಷರತ್ತು’ ಎಲ್ಲಿರಬೇಕು?

ಎರಿ ಸೀಮೆಯ ಒಬ್ಬ ಅಜ್ಜಿ ನನ್ನ ಹತ್ತಿರ ಬಂದಿದ್ದಳು. ಎಲಿ ಅಡಕಿ ಚಂಚಿಯಿಂದ ಬಕ್ಷೀಸ ಪತ್ರದ ಝೆರಾಕ್ಸ್ ತೆಗೆದಳು. ನಾಲ್ಕು ಮಡಿಕೆ, ಮಡಿಕೆಯ ಮೇಲೆ ಸುಣ್ಣದ ಕಲೆ. ‘ಪ್ರೀತಿ ವಿಶ್ವಾಸದಿಂದ’ ನಾಲ್ಕು ಎಕರೆ ಮಗನಿಗೆ ಕೊಟ್ಟಿದ್ದಳು. ಉತಾರದಲ್ಲಿ ಮಗನ ಹೆಸರು ಏರಿದ ಮೇಲೆ ಅವಳ ಹಾಸಿಗೆ ಪಡಸಾಲೆಯಿಂದ ದನದ ಮನೆಗೆ ಇಳಿಯಿತು. ಪತ್ರದಲ್ಲಿ ಷರತ್ತಿಲ್ಲವಲ್ಲ ಅಜ್ಜಿ ಎಂದೆ. ‘ಹೆತ್ತ ಮಗಗ ನನಗ ಕೂಳ ಹಾಕಪಾ ಅಂತ ಬಾಂಡಿನ್ಯಾಗ ಬರಸಬೇಕಾಗಿತ್ತೇನ್ರಿ ವಕೀಲ್ರ?’ ಎಂದಳು. ಅರ್ಜಿ ಬರೆದುಕೊಟ್ಟೆ. ವಕೀಲರಿಗೆ ಪ್ರವೇಶವಿಲ್ಲ ಎನ್ನುವ 17ನೇ ಕಲಮಿನ ದೆಸೆಯಿಂದ ನಾನು ಹೊರಗೆ ಬೇವಿನ ಗಿಡದ ನೆರಳಿಗೆ ಕೂತೆ. ಷರತ್ತಿಲ್ಲವೆಂದು ಅರ್ಜಿ ವಜಾ ಆಯಿತು.

ಷರತ್ತು ಪತ್ರದಲ್ಲೇ ಇರಬೇಕೆನ್ನುವ ಎದುರು ವಾದದವರ ಮೊದಲ ಆಸರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ: ಕೊಟ್ಟ ದಾನವನ್ನು ಮನಸ್ಸಿಗೆ ಬಂದಂತೆ ಹಿಂಪಡೆಯಲಾಗದು. ಸರಿ. ಆದರೆ ಬೇರೆ ಕಾನೂನು ಅಡ್ಡ ಬಂದರೆ ತನ್ನದೇ ಮೇಲು ಎಂದು 2007ರ ಕಾಯ್ದೆಯ 3ನೇ ಕಲಂ ಹೇಳುತ್ತದೆ. ಅದನ್ನು ಇವರು ಓದುವುದೇ ಇಲ್ಲ. ಎರಡನೆಯ ಆಸರೆ 2022ರ ಡಿಸೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು. ನ್ಯಾಯಮೂರ್ತಿ ಓಕ ಅವರು ಷರತ್ತು ಇತ್ತೆಂದು ನ್ಯಾಯಮಂಡಳಿಯ ಮುಂದೆ ಸಾಬೀತಾಗಬೇಕು ಎಂದರು. ಸಾಬೀತಾಗಬೇಕು ಎಂದರೆ ಪತ್ರದಲ್ಲೇ ಬರೆದಿರಬೇಕು ಎಂದಾಯಿತೆ? ಆ ಪ್ರಕರಣದಲ್ಲಿ ತಾಯಿ ಷರತ್ತಿತ್ತೆಂದು ಹೇಳಿಕೊಂಡೇ ಇರಲಿಲ್ಲ. ಆದರೂ 2023ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಪತ್ರದಲ್ಲೇ ಷರತ್ತು ಹುಡುಕಿತು. ಪೀಠಕ್ಕೆ ಗೌರವ ಕೊಟ್ಟೇ ಹೇಳುತ್ತೇನೆ, ಕಲಮಿನಲ್ಲಿ ‘ಲಿಖಿತ’ ಎಂಬ ಶಬ್ದವಿಲ್ಲ.

2025ರ ಜನವರಿ 2ರಂದು ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಉದಾರವಾಗಿ ಓದಬೇಕೆಂದಿತು. ಅಲ್ಲಿ ನೋಡಿಕೊಳ್ಳುವ ಮಾತನ್ನು ಮಗ ಬೇರೊಂದು ಕಾಗದದಲ್ಲಿ ಬರೆದುಕೊಟ್ಟಿದ್ದ. ಮದ್ರಾಸ್ ಹೈಕೋರ್ಟು ಅದೇ ವರ್ಷ ಇನ್ನೂ ಮುಂದೆ ಹೋಗಿ, ಪ್ರೀತಿ ವಿಶ್ವಾಸ ಎಂಬುದೇ ಒಳಗಿರುವ ಷರತ್ತು ಎಂದಿತು. ನಾನು ಮದ್ರಾಸಿನ ಕಡೆಯವ.

ಆದರೆ ನಮ್ಮ ಪಕ್ಷದವರೂ ಎಡವುತ್ತಾರೆ. ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ಮಕ್ಕಳು 150ಕ್ಕೂ ಹೆಚ್ಚು ಹಿರಿಯರನ್ನು ಬಿಟ್ಟುಹೋದರೆಂದು 2025ರ ಮಾರ್ಚ್‌ನಲ್ಲಿ ಸುದ್ದಿಯಾದಾಗ, ಅಂಥ ಮಕ್ಕಳ ಹೆಸರಿನ ವಿಲ್ಲನ್ನೂ ರದ್ದು ಮಾಡಿಸುವ ಮಾತು ಸರಕಾರದ ಕಡೆಯಿಂದ ಬಂತು. ವಿಲ್ ಬರೆದವರು ಬದುಕಿರುವ ತನಕ ತಾವೇ ಬದಲಿಸಬಹುದು. ಅದಕ್ಕೆ ಯಾವ ಸಾಹೇಬರೂ ಬೇಡ. ಬಲೆ ಇರುವುದು ಬಕ್ಷೀಸ ಪತ್ರದಲ್ಲಿ. ಇನ್ನೊಂದು, ಈ ಕಾಯ್ದೆ ಸೊಸೆಯನ್ನು ಮನೆಯಿಂದ ಹೊರಹಾಕುವ ಬಡಿಗೆಯೂ ಆಗಬಲ್ಲದು. ಬೆಂಗಳೂರಿನ ಅಂಥ ಪ್ರಕರಣವೊಂದರಲ್ಲಿ 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಅದಕ್ಕೆ ನನ್ನ ತಕರಾರಿಲ್ಲ.

ಅಜ್ಜಿಯ ಪರವಾಗಿ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಬರೆದೆವು. ತಾರೀಖು ಬರುವ ಮೊದಲೇ ಮಗ ಹಾಸಿಗೆಯನ್ನು ಪಡಸಾಲೆಗೆ ತಂದ. ಅವಳು ಅರ್ಜಿ ವಾಪಸು ಪಡೆದಳು. ಹೊಲ ಈಗಲೂ ಅವನ ಹೆಸರಿನಲ್ಲೇ ಇದೆ.

ಮೊನ್ನೆ ನನಗೆ ಗೊತ್ತಿದ್ದ ಬಾಂಡ್ ರೈಟರ್ ಒಬ್ಬರಿಗೆ, ಪ್ರತಿ ಬಕ್ಷೀಸ ಪತ್ರದಲ್ಲೂ ‘ಕೊಟ್ಟವರ ಅನ್ನ, ಅರಿವೆ, ಔಷಧಿ ಪಡೆದವರ ಜವಾಬ್ದಾರಿ’ ಎಂದೊಂದು ಸಾಲು ಸೇರಿಸಿರಿ, ಮಾಸ್ತರರ ಪ್ರಶ್ನೆಯನ್ನು ನೀವೂ ಕೇಳಿರಿ ಎಂದೆ. ಅವರು ಟೈಪು ಮಾಡುವುದನ್ನು ನಿಲ್ಲಿಸಿ ನಕ್ಕರು. ‘ಕೇಳ್ತೀನ್ರಿ ಸರ್. ಅವ್ವ ಬಾಯಿ ತೆಗಿಯೂದ್ರಾಗ ಮಗನ ಇಲ್ಲ ಅಂತಾನ್ರಿ.’